ಗುಳಿಗೆ ಎಣಿಸುವ ಅಕ್ಕ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಕೊರೆದಂತಿತ್ತು. ಚಾಕು ತಾಗಿದ ಗಾಯವಲ್ಲ, ಸುಟ್ಟ ಕಲೆಯೂ ಅಲ್ಲ. ದಿನಾ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿದವರ ಬೆರಳಿಗೆ ಮಾತ್ರ ಬೀಳುವ ಗೆರೆ ಅದು. ವರ್ಷಗಟ್ಟಲೆ ನೂಲು ಒಂದೇ ಜಾಗದಲ್ಲಿ ಓಡಿ ಓಡಿ ಚರ್ಮವನ್ನು ತಿಂದಿರುತ್ತದೆ. ಹೊಸ ಡಬ್ಬಿ ಒಡೆದು, ಆ ಬೆರಳಿನಿಂದಲೇ ಅವರು ಗುಳಿಗೆಗಳನ್ನು ಮೇಜಿನ ಮೇಲೆ ಐದೈದಾಗಿ ಸರಿಸಿ ನನ್ನ ಮುಂದೆ ಎಣಿಸುತ್ತಿದ್ದರು. ನಾನು ಗುಳಿಗೆ ನೋಡಲಿಲ್ಲ, ಗೆರೆ ನೋಡಿದೆ. ಅಂಥದೇ ಗೆರೆ ನನ್ನ ಬೆರಳಿನಲ್ಲೂ ಇದೆ.

ಊರೆಲ್ಲ ಬಿಟ್ಟು ನಮ್ಮವರ ಕೈಗೇ ಸಿಕ್ಕಿಬಿದ್ದೆನಲ್ಲ ಎಂದು ಅಂಜಿದೆ. ಬೆಟಗೇರಿಯ ನೇಕಾರ ಮನೆತನಗಳೆಂದರೆ ಒಂದು ಎಳೆ ಜಗ್ಗಿದರೆ ಇಡೀ ಹಾಸು ಅಲುಗುವಂಥವು. ಇಲ್ಲಿ ಕೆಮ್ಮಿದರೆ ಮೂರನೆಯ ಓಣಿಯಲ್ಲಿ ಕಷಾಯ ಕುದಿಯುತ್ತದೆ. ನಾನು ಕೂತಿದ್ದದ್ದೋ, ಎಚ್‌ಐವಿ ಇದ್ದವರಿಗೆ ಗುಳಿಗೆ ಕೊಡುವ ಕೋಣೆ. ಅಲ್ಲಿ ಕೂತವಳು ನೆಗಡಿಗೆ ಬಂದೆ ಎಂದರೆ ಯಾರು ನಂಬುತ್ತಾರೆ?

"ಯಾವ ಊರವ್ವಾ ನಿಂದು?" ಎಂದು ಕೇಳಿದರು.

"ಅಡರಕಟ್ಟಿರಿ," ಎಂದೆ. ಅದು ನನ್ನ ತವರು. ಆಧಾರ್ ಕಾರ್ಡಿನಲ್ಲಿ ಇನ್ನೂ ಅದೇ ಇತ್ತು. ಗಂಡನ ಮನೆ ಬೆಟಗೇರಿ ಎಂಬುದನ್ನು ನುಂಗಿದೆ.

ಅವರು ನನ್ನ ಕೈ ನೋಡಿದರು. ನಾನು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ಅಡರಕಟ್ಟ್ಯಾಗ ಹೊಲಾ ಭಾಳ ಅಂತ ಕೇಳೀನಿ. ಮಗ್ಗ ಕೇಳಿರಲಿಲ್ಲ," ಎಂದರು. ಅಷ್ಟೇ ಅಂದು, ನಾನು ಹೇಳಿದ್ದನ್ನೇ ಬರೆದುಕೊಂಡರು.

ಆಗ ನನ್ನ ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಕಾಮಾಲೆಯಿಂದ ಹೋದ ಎಂದು ಮನೆಯವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ನನಗೇ ಬಿಡದ ಜ್ವರ ಬಂದು ರಕ್ತ ನೋಡಿಸಿದಾಗ ಸಂಗತಿ ತಿಳಿಯಿತು. ಮಗಳ ರಕ್ತವನ್ನೂ ನೋಡಿದರು. ಅವಳಿಗೆ ಇರಲಿಲ್ಲ. ಆ ಹೊತ್ತು ದವಾಖಾನೆಯ ಗೋಡೆಗೇ ಕೈಮುಗಿದೆ. ಮನೆಯಲ್ಲಿ ಉಳಿದವರು ಅತ್ತೆ, ನಾನು ಮತ್ತು ಎಂಟು ವರ್ಷದ ಆ ಮಗಳು. ಇದ್ದದ್ದು ಒಂದು ಮಗ್ಗ. ಹಿಂದೊಮ್ಮೆ ನಮ್ಮ ಓಣಿಯ ಹೆಂಗಸೊಬ್ಬಳಿಗೆ ಈ ಜಡ್ಡು ಇದೆಯೆಂದು ಗುಲ್ಲಾದಾಗ ಅತ್ತೆ, "ಆಕಿ ಕೈಯಾಗಿಂದು ನೀರ ಸೈತ ಮುಟ್ಟಬ್ಯಾಡ್ರಿ," ಎಂದದ್ದನ್ನು ಈ ಕಿವಿಯಿಂದಲೇ ಕೇಳಿದ್ದೆ. ಆ ಹೆಂಗಸು ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಅತ್ತೆಗೆ ತಿಳಿದರೆ ಮಗಳನ್ನು ಇಟ್ಟುಕೊಂಡು ನನ್ನನ್ನು ಹೊಸ್ತಿಲ ಹೊರಗೆ ಹಾಕುತ್ತಾರೆ. ಸಾವಿಗಿಂತ ನನಗೆ ಅದರ ಹೆದರಿಕೆಯೇ ದೊಡ್ಡದಾಗಿತ್ತು.

ಅವರ ಕೆಲಸದ ಹೆಸರು ಸಮಾಲೋಚಕಿ. ಆ ಶಬ್ದ ಅಲ್ಲಿಗೆ ಬರುವ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಎಲ್ಲರಿಗೂ ಅವರು ಅಕ್ಕ. ಐವತ್ತರ ಹತ್ತಿರದವರು, ದಪ್ಪ ಮೈ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು, ಸಿಟ್ಟೂ ಅಲ್ಲೇ ಇರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂತವರ ಹತ್ತಿರ ಹೋಗಿ, "ಏನ ತಂದೀರಿ, ತೆಗೀರಿ," ಎಂದು ಅವರ ಗಂಟಿನಿಂದಲೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಮ್ಮದನ್ನು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಕೈಯದನ್ನು ಕೇಳಿ ತಿಂದವರು ಅವರೊಬ್ಬರೇ. ಶಿರಹಟ್ಟಿಯಿಂದ ಬರುವ ಕೆಂಪು ರುಮಾಲಿನ ಹಮಾಲನೊಬ್ಬ, ಮೊದಲ ಸಲ ಹೀಗಾದಾಗ ರೊಟ್ಟಿ ಕೈಯಲ್ಲೇ ಹಿಡಿದು ಅತ್ತುಬಿಟ್ಟ.

"ಅಳಬ್ಯಾಡೋ ಯಪ್ಪಾ," ಎಂದರು ಅಕ್ಕ. "ಮಂದಿ ನೋಡಿದ್ರ, ನಿನ್ನ ಹೇಣ್ತಿ ಚಟ್ನಿಗೆ ಖಾರ ಜಾಸ್ತಿ ಹಾಕ್ಯಾಳ ಅಂತಾರ."

ಬೈಯುವುದರಲ್ಲೂ ಅವರ ಕೈ ಮೇಲೆ. ಹಬ್ಬ, ಉಪವಾಸ ಎಂದು ನೆಪ ಹೇಳಿ ಗುಳಿಗೆ ತಪ್ಪಿಸಿದವರಿಗೆ, "ಇದೇನ ದೇವರ ಮುಂದಿನ ದೀಪ ಅಲ್ಲ, ಇವತ್ತ ಎರಡ ಹಚ್ಚಿ ನಾಳಿ ಬಿಡಾಕ," ಎನ್ನುತ್ತಿದ್ದರು. ಎಲ್ಲರಿಗೂ ಹೇಳುವ ಮಾತು ಇನ್ನೊಂದಿತ್ತು. "ಮನ್ಯಾಗ ಮದವಿ ಇರಲಿ, ಹೆಣಾ ಬಿದ್ದಿರಲಿ, ಎಂಟಕ್ಕ ಗುಳಿಗಿ ಹೊಟ್ಟ್ಯಾಗ ಇರಬೇಕು." ಹೆಣ ಎಂಬ ಶಬ್ದಕ್ಕೆ ನಾನು ಪ್ರತಿ ಸಲ ಬೆಚ್ಚುತ್ತಿದ್ದೆ. ಒಂದು ತಾಸು ಆಚೀಚೆ ಆದರೆ ಏನಾಗುತ್ತದೆ ಎಂದು ಕೇಳಿದೆ. "ಏನೂ ಆಗೂದಿಲ್ಲ. ಖರೆ, ಇವತ್ತ ಒಂದ ತಾಸು ಅಂದಾಕಿ ನಾಳಿ ಒಂದ ದಿನಾ ಅಂತಾಳ, ಆಮ್ಯಾಗ ಒಂದ ವಾರ ಅಂತಾಳ. ಅಂಥವರನ್ನ ಎಷ್ಟ ಮಂದೀನ್ನ ಕಂಡೀನಿ."

ಅವರದೇ ಒಂದು ಕಟ್ಟಳೆಯೂ ಇತ್ತು. "ಬಜಾರದಾಗ ಸಿಕ್ರ ನಾ ನಿನ್ನ ಮಾತಾಡಸೂದಿಲ್ಲ, ನಕ್ಕೂ ನೋಡೂದಿಲ್ಲ. ಸಿಟ್ಟಾಗಬ್ಯಾಡ. ನಾ ಮಾತಾಡಸಿದ್ರ, ಈಕಿ ಹೆಂಗ ಗೊತ್ತು ನಿನಗ ಅಂತ ಮಂದಿ ಕೇಳ್ತಾರ."

ಅದು ಬರೀ ಮಾತಲ್ಲ ಎಂದು ಒಂದು ಸಂಜೆ ಗೊತ್ತಾಯಿತು. ಅತ್ತೆಯ ಜೊತೆ ಕಾಯಿಪಲ್ಯೆ ಬಜಾರಕ್ಕೆ ಹೋಗಿದ್ದೆ. ಬದನೆಕಾಯಿ ಆರಿಸಿ ತಲೆ ಎತ್ತುತ್ತೇನೆ, ಅದೇ ಗಾಡಿಯ ಆಚೆ ಬದಿಗೆ ಅಕ್ಕ! ಅವರ ಕಣ್ಣು ಬದನೆಕಾಯಿಯ ಮೇಲೆ ಹಾದಂತೆಯೇ ನನ್ನ ಮೇಲೂ ಹಾದು ಅತ್ತೆಯ ಮೇಲೆ ಹೋಯಿತು, ಅಲ್ಲಿಂದ ತಕ್ಕಡಿಗೆ ಹೋಯಿತು. ಚೌಕಾಸಿ ಮಾಡಿ ಅರ್ಧ ಕಿಲೋ ಕಟ್ಟಿಸಿಕೊಂಡು ನಡೆದುಬಿಟ್ಟರು.

ಅತ್ತೆ ಅವರ ಬೆನ್ನನ್ನೇ ನೋಡುತ್ತ, "ಆಕಿ ನಮ್ಮವರ ಪೈಕಿನ. ದವಾಖಾನ್ಯಾಗ ಆ ಜಡ್ಡಿನವರಿಗೆ ಗುಳಿಗಿ ಕೊಡೂ ನೌಕರಿಗೆ ಅದಾಳ. ಎಷ್ಟ ಸೊಕ್ಕ ನೋಡು, ಎದರಿಗೆ ನಿಂತ್ರೂ ಮಾತಿಲ್ಲ ಕತಿಯಿಲ್ಲ," ಎಂದರು. ನಾನು ಆರಿಸಿದ ಬದನೆಕಾಯಿಗಳನ್ನು ತಕ್ಕಡಿಗೆ ಹಾಕಿದೆ. ನಮ್ಮ ಜನದ ಬಾಯಲ್ಲಿ ಅವರು ಸೊಕ್ಕಿನವಳಾಗಿದ್ದು ನನ್ನಂಥವರ ಸಲುವಾಗಿ. ಎಷ್ಟು ಮಂದಿಯನ್ನು ಹೀಗೆ ಕಂಡೂ ಕಾಣದಂತೆ ದಾಟಿ ಹೋಗಿದ್ದರೋ.

ಇಷ್ಟಾದರೂ ನಾನು ಅವರಿಗೆ ಸುಳ್ಳು ಹೇಳಿದೆ. ಅದನ್ನೂ ಬರೆಯಬೇಕು.

ಗುಳಿಗೆಯ ಡಬ್ಬಿ ಪ್ಲಾಸ್ಟಿಕ್ಕಿನದು, ಅಲುಗಿದರೆ ಖಡಖಡ ಸದ್ದು. ಒಂದೂವರೆ ಕೋಣೆಯ ಮನೆಯಲ್ಲಿ ಅದನ್ನು ಎಲ್ಲಿ ಬಚ್ಚಿಡುವುದು? ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಕುಣಿಯ ಗೋಡೆಯಲ್ಲಿ ಕೈಗೆಟಕುವಂತೆ ಒಂದು ಗೂಡು. ಗಂಡ ಅಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದ. ಅವನು ಹೋದ ಮೇಲೆ ಆ ಕುಣಿಗೆ ಇಳಿಯುವವಳು ನಾನೊಬ್ಬಳೇ. ಮಂಡಿನೋವಿನ ಅತ್ತೆ ಅತ್ತ ಬಗ್ಗಿಯೂ ನೋಡುತ್ತಿರಲಿಲ್ಲ. ಗುಳಿಗೆಗಳನ್ನು ಅರಿವೆಯಲ್ಲಿ ಸುತ್ತಿ ಆ ಗೂಡಿನಲ್ಲಿಟ್ಟೆ, ಖಾಲಿ ಡಬ್ಬಿಯನ್ನು ಸೀರೆಗಳ ಅಡಿಯಲ್ಲಿ ಇಟ್ಟೆ. ಬೆಳಿಗ್ಗೆ ಎಂಟಕ್ಕೆ ಮಗ್ಗಕ್ಕೆ ಇಳಿದ ಕೂಡಲೇ ಒಂದು ಬಾಯಿಗೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದ್ದೆ.

ಮರೆತದ್ದು ಒಂದೇ. ಕುಣಿ ಒಣಗಿದರೆ ನೂಲು ಹರಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ನೇಕಾರರು ಕುಣಿಗೆ ನೀರು ಚಿಮುಕಿಸಿ ತಂಪಾಗಿಡುತ್ತಾರೆ. ನಾನೇ ದಿನಾ ಒಂದು ತಂಬಿಗೆ ನೀರು ಸುರಿಯುತ್ತಿದ್ದೆ. ಗುಳಿಗೆಗಳು ಮೆತ್ತಗಾದವು, ಬಣ್ಣಗೆಟ್ಟವು. ನುಂಗಲು ಹಗುರಾಯಿತು ಎಂದುಕೊಂಡೆನೇ ಹೊರತು ಕೆಟ್ಟವು ಎಂದು ಹೊಳೆಯಲಿಲ್ಲ.

ಅದರ ಮೇಲೆ ಅತ್ತೆಯ ತಂಗಿ ಬಂದು ಮಗ್ಗದ ಕೋಣೆಯಲ್ಲೇ ಠಿಕಾಣಿ ಹೂಡಿದರು. ಮುಂಜಾನೆಯಿಂದ ನನ್ನ ಎದುರಿಗೇ ಕೂತು ಸೊರಟೂರಿನ ತಮ್ಮ ಸೊಸೆಯ ಕತೆ ಹೇಳುತ್ತಿದ್ದರು. ಅವರ ಕಣ್ಣೆದುರು ಗೂಡಿಗೆ ಕೈ ಹಾಕುವುದು ಹೇಗೆ? ಒಂದು ತಾಸು ಬಿಟ್ಟು ತಗೊಂಡರಾಯಿತು ಎಂದೆ. ಆಮೇಲೆ ನಾಳೆ ಎಂದೆ. ಅಕ್ಕ ಹೇಳಿದ್ದ ಹಾದಿಯಲ್ಲಿಯೇ, ಒಂದು ಹೆಜ್ಜೆಯೂ ತಪ್ಪದೆ ನಡೆದೆ. ತಿಂಗಳಿಗೊಮ್ಮೆ ಉಳಿದ ಗುಳಿಗೆಗಳನ್ನು ಒಯ್ದು ಅಕ್ಕನ ಮುಂದೆ ಎಣಿಸಿ ತೋರಿಸಬೇಕಿತ್ತು. ಹಾಗೆ ಹೋಗುವ ಹಿಂದಿನ ದಿನ ಹೆಚ್ಚು ಉಳಿದ ಗುಳಿಗೆಗಳನ್ನು ಕುಣಿಯ ಮಣ್ಣಿನಲ್ಲಿ ಹೂತು, ಲೆಕ್ಕ ಸರಿ ಮಾಡಿ, ಉಳಿದವನ್ನು ಡಬ್ಬಿಗೆ ತುಂಬಿಕೊಂಡು ಹೋದೆ. ಒಮ್ಮೆ ದಕ್ಕಿತು. ನಂಟರು ಹೋದ ಮೇಲೂ ಆ ಚಾಳಿ ಹೋಗಲಿಲ್ಲ.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪರೀಕ್ಷೆಯ ರಿಪೋರ್ಟು ಬಂದ ದಿನ ಅಕ್ಕ ನನ್ನನ್ನು ಒಬ್ಬಳನ್ನೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಡಬ್ಬಿ ತೆಗೆದುಕೊಂಡು ಮೇಜಿನ ಮೇಲೆ ಸುರಿದರು. ಐದೈದಾಗಿ ಸರಿಸಿದರು.

"ಎಣಕಿ ಸರಿ ಐತಿ," ಎಂದರು. ಆಮೇಲೆ ರಿಪೋರ್ಟಿನ ಮೇಲೆ ಬೆರಳಿಟ್ಟು, "ರಕ್ತ ಸರಿ ಇಲ್ಲ. ಎರಡರಾಗ ಯಾವುದರೆ ಒಂದು ಸುಳ್ಳ ಹೇಳಾಕತ್ತೈತಿ. ರಕ್ತಕ್ಕ ಸುಳ್ಳ ಹೇಳಾಕ ಬರೂದಿಲ್ಲವಾ."

ಅಕ್ಕ ಒಂದು ಗುಳಿಗೆ ಎತ್ತಿ ಬೆರಳಲ್ಲಿ ಒತ್ತಿದರು. ಅದು ಪುಡಿಯಾಗಿ ಗೆರೆಯೊಳಗೆ ಕೂತಿತು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಮತ್ತೆ ಮೂಸಿದರು. ಹಸಿಮಣ್ಣು, ನೂಲಿಗೆ ಹಾಕುವ ಗಂಜಿ, ಎರಡೂ ಕೂಡಿದ ಆ ವಾಸನೆ ಇನ್ಯಾರಿಗೂ ಗುರುತು ಸಿಗುವಂಥದಲ್ಲ.

"ಇದು ಮಗ್ಗದ ಕುಣಿ ವಾಸನಿ," ಎಂದರು ಮೆಲ್ಲಗೆ. "ನಮ್ಮಪ್ಪ ಮಗ್ಗದಿಂದ ಎದ್ದು ಬಂದ್ರ ಅವನ ಧೋತರ ಹಿಂಗ ನಾರತಿತ್ತು. ಕುಣ್ಯಾಗ ಇಟ್ಟೀಯೇನು?"

ಸುಳ್ಳುಗಳ ಗಂಟು ಬಿಚ್ಚಿಹೋಯಿತು. ಅಡರಕಟ್ಟಿ, ಬೆಟಗೇರಿ, ಅತ್ತೆ, ನಂಟರು, ಮಣ್ಣಲ್ಲಿ ಹೂತದ್ದು, ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಅವರು ಬೈಯಲಿಲ್ಲ. ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು.

"ನಾ ಸಾಯ್ತೀನೇನ್ರಿ ಅಕ್ಕಾರ?"

"ಈಗ ಇಲ್ಲ. ಹಿಂಗ ಮಾಡಿದ್ರ ಹೌದು," ಎಂದರು. "ಮೂರ ತಿಂಗಳ ಟೈಮ್ ಐತಿ. ಒಂದೂ ತಪ್ಪದಂಗ ನುಂಗು. ಆಮ್ಯಾಗ ಮತ್ತ ರಕ್ತ ನೋಡೂಣು. ವೈರಸ್ ಇಳದಿದ್ರ ಆತು. ಇಳೀಲಿಲ್ಲಂದ್ರ ಈ ಔಷಧ ನಿನ್ನ ಕೈ ಬಿಟ್ಟಂಗ, ಡಾಕ್ಟರು ಬ್ಯಾರೆ ನೋಡಬೇಕಾಕ್ಕತಿ."

ಹೊಸ ಡಬ್ಬಿ ತೆಗೆದು, ಒಳಗೆ ಅರಳೆ ತುರುಕಿ ಅಲುಗಿಸಿ ತೋರಿಸಿದರು. ಸದ್ದಿಲ್ಲ. ಇಷ್ಟು ಸಣ್ಣ ಉಪಾಯ! "ಡಬ್ಬಿ ಬಿಟ್ಟು ಹೊರಗ ತೆಗೀಬ್ಯಾಡ. ನಿಮ್ಮತ್ತಿ ಮನಿ ಬಿಟ್ಟು ಯಾವಾಗ ಹೊರಗ ಹೋಗ್ತಾರ?" ಎಂಟಕ್ಕೆ ಓಣಿಯ ತುದಿಯ ಗುಡಿಗೆ ಹೋಗುತ್ತಾರೆ ಎಂದೆ. "ಹಂಗಾರ ದೇವರೂ ನಮ್ಮ ಕಡೆನ ಅದಾನ," ಎಂದು ನನ್ನ ಫೋನು ಇಸಿದುಕೊಂಡು ಎಂಟಕ್ಕೆ ಅಲಾರಾಂ ಇಟ್ಟರು. ಗುಬ್ಬಿ ಚಿಂವ್‌ಗುಟ್ಟಿದಂಥ ಸದ್ದು ಆರಿಸಿದರು. "ಎಲ್ಲಾರಿಗೂ ಇದನ್ನ ಇಡ್ತೀನಿ. ಕೇಳಿದಾವರು ಮಾಳಗಿ ಮ್ಯಾಲಿನ ಗುಬ್ಬಿ ಅನ್ಕೋತಾರ."

ಆ ಮೂರು ತಿಂಗಳು ನಾನು ಬದುಕಿದ್ದು ಎಂಟರಿಂದ ಎಂಟಕ್ಕೆ. ನೇಯುವಾಗ ಲಾಳಿ ಆಚೆ ಹೋದರೆ ಇಳಿದಿದೆ, ಈಚೆ ಬಂದರೆ ಇಳಿದಿಲ್ಲ ಎಂದು ಮನಸ್ಸು ಜೋಲಿ ಹೊಡೆಯುತ್ತಿತ್ತು. ಮಗಳ ಜಡೆ ಹಾಕುವಾಗ ಇದನ್ನು ಇನ್ನೆಷ್ಟು ದಿನ ಹಾಕುತ್ತೇನೋ ಎನಿಸಿ ಬೆರಳು ನಿಲ್ಲುತ್ತಿದ್ದವು. ಮತ್ತೆ ರಕ್ತ ಕೊಟ್ಟೆ. ರಿಪೋರ್ಟು ಬಂದ ದಿನ ಅಕ್ಕ ಅದನ್ನು ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಓದಿದರು.

"ಇಳದೈತಿ. ಕಾಣಸದಷ್ಟ ಇಳದೈತಿ. ರೊಟ್ಟಿ ತಂದೀಯಿಲ್ಲ?" ಎಂದರು.

ನಾನು ಅಳುತ್ತ ಗಂಟು ಬಿಚ್ಚಿದೆ. ಅವರು ತಿನ್ನುತ್ತ ಹೇಳಿದರು: "ಇನ್ನೊಂದ ಉಳದೈತಿ. ಮನ್ಯಾಗ ಒಬ್ಬರಿಗೆ ಹೇಳಬೇಕು ನೀ."

"ಅಂಜಿಕಿ ಬರ್ತೈತ್ರಿ."

"ಬರಲಿ. ಅಂಜಿಕಿ ಇದ್ದಾಕಿನ ಎಂಟಕ್ಕ ನೆನಪ ಇಟ್ಟಿರತಾಳ. ಖರೆ, ನೀ ಒಬ್ಬಾಕಿನ ಅಂಜಬ್ಯಾಡವಾ."

ಪ್ರತಿ ಸಲವೂ ಇದೇ ಮಾತು ಹೇಳುತ್ತಿದ್ದರು. ಪ್ರತಿ ಸಲವೂ ನಾನು ಮುಂದಿನ ಸಲ ಎನ್ನುತ್ತಿದ್ದೆ. ಹೀಗೆ ಎರಡು ವರ್ಷ ಕಳೆಯಿತು.

ಒಂದು ಮುಂಜಾನೆ ಏಳರ ಸುಮಾರಿಗೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, "ದವಾಖಾನಿ ಆಕಿ ನಿನ್ನೆ ಸಂಜಿಕೆ ಹೋದಳಂತ. ಎದಿ ಹಿಡಕೊಂಡ ಕುಂತಾಕಿ ಏಳಲೇ ಇಲ್ಲಂತ," ಎಂದರು. ನನ್ನ ಕೈಯ ಕಂಡಿಕೆ ಬುಟ್ಟಿ ನೆಲಕ್ಕೆ ಬಿತ್ತು. ಅವರಿಗೆ ಬಿಪಿ ಇತ್ತಂತೆ. ನಮ್ಮೆಲ್ಲರ ಗುಳಿಗೆ ಎಣಿಸಿದವರ ಗುಳಿಗೆಯನ್ನು ಯಾರು ಎಣಿಸುತ್ತಿದ್ದರೋ ನನಗೆ ಗೊತ್ತಿಲ್ಲ.

"ಸೊಕ್ಕಿನಾಕಿ ಆದ್ರೂ ನಮ್ಮಾಕಿ. ಮಾರಿ ನೋಡಿ ಬರೂಣು ನಡಿ," ಎಂದರು ಅತ್ತೆ. ಸಾವಿನ ಸುದ್ದಿ ಕೇಳಿದ ಮೇಲೆ ಗುಡಿಗೆ ಹೋಗುವಂತಿಲ್ಲ. ಆಟೋ ಬರುವವರೆಗೂ ನನ್ನ ಬೆನ್ನಿಗೇ ಇದ್ದರು. ಸೀರೆ ಬದಲಿಸುವ ನೆಪದಲ್ಲಿ ಒಂದು ಗುಳಿಗೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕನ್ನಡಕವಿಲ್ಲದ ಆ ಮುಖವನ್ನು ಹೀಗೆ ಸುಮ್ಮನಿದ್ದಂತೆ ನಾನು ಕಂಡಿರಲಿಲ್ಲ. ಬಲಗೈ ಹೊದಿಕೆಯಿಂದ ಹೊರಗಿತ್ತು. ಬೆರಳಿನ ಗೆರೆ ಹಾಗೇ ಇತ್ತು. ಅಳು ಬಂತು, ನುಂಗಿದೆ. ಅಷ್ಟು ಅಳಲು ನಾನು ಯಾರು ಅವರಿಗೆ? ಅತ್ತೆ ಕೇಳಿದರೆ ಏನು ಹೇಳಲಿ?

ಆಗ ಗಮನಿಸಿದೆ. ಗೇಟಿನ ಹತ್ತಿರ ಕೆಂಪು ರುಮಾಲು. ತುಳಸಿಕಟ್ಟೆಯ ಮಗ್ಗುಲಿಗೆ ಮುಂಡರಗಿಯ ಹೆಂಗಸು. ಗೋಡೆಗೆ ಒರಗಿ ಲಕ್ಷ್ಮೇಶ್ವರದ ಕಡೆಯ ಗಂಡಹೆಂಡಿರು. ಇನ್ನೂ ಕೆಲವರು. ಬೆಂಚಿನ ಮೇಲೆ ಜೊತೆಗೆ ಕೂತು ರೊಟ್ಟಿ ತಿಂದವರೆಲ್ಲ ಈಗ ಒಬ್ಬರನ್ನೊಬ್ಬರು ಕಾಣದವರಂತೆ ಬೇರೆ ಬೇರೆ ಮೂಲೆ ಹಿಡಿದಿದ್ದರು. ಅಕ್ಕನ ನಾದಿನಿ ಎಲ್ಲರನ್ನೂ ನೋಡಿ, "ಇವರೆಲ್ಲಾ ಯಾರ ಪೈಕಿನೋ, ಒಬ್ಬರೂ ಗುರತ ಸಿಗವಲ್ಲರು," ಎಂದು ಅತ್ತೆಯ ಕಿವಿಯಲ್ಲಿ ಅಂದರು.

ಎಂಟಾಯಿತು. ಗುಬ್ಬಿ ಕೂಗಿತು. ನನ್ನ ಚೀಲದಲ್ಲಿ ಒಂದು, ಗೇಟಿನ ಬಳಿ ಒಂದು, ತುಳಸಿಕಟ್ಟೆಯ ಹತ್ತಿರ ಒಂದು, ಗೋಡೆಯ ಕಡೆ ಎರಡು. ಹೆಣದ ಸುತ್ತ ಇಡೀ ಅಂಗಳ ಚಿಂವ್‌ಗುಟ್ಟಿತು. ಎಲ್ಲರ ಕೈಗಳೂ ಗಡಿಬಿಡಿಯಿಂದ ಕಿಸೆಗೆ, ಚೀಲಕ್ಕೆ, ಸೊಂಟಕ್ಕೆ ಹೋದವು. ಸದ್ದು ನಿಂತಿತು. ಯಾರೂ ಗುಳಿಗೆ ಹೊರಗೆ ತೆಗೆಯಲಿಲ್ಲ.

ಹೆಣಾ ಬಿದ್ದಿರಲಿ, ಎಂದಿದ್ದರು. ಬಿದ್ದದ್ದು ಅವರದೇ ಹೆಣ.

ಒಂದು ತಾಸು ತಡೆಯಬಹುದಿತ್ತು. ಆ ಮಾತು ಮನಸ್ಸಿಗೆ ಬಂದದ್ದೇ ನನಗೆ ಕುಣಿಯ ವಾಸನೆ ಬಂದ ಹಾಗಾಯಿತು. ಬಂದವರ ಕಾಲಿಗೆ ನೀರು ಕೊಡುತ್ತಿದ್ದ ಹುಡುಗಿಯನ್ನು ಕರೆದು, "ತಂಗಿ, ಕುಡ್ಯಾಕ ಒಂದೀಟ ನೀರ ಕೊಡವಾ," ಎಂದೆ.

ಅತ್ತೆ ನನ್ನ ರಟ್ಟೆ ಚಿವುಟಿದರು. "ಖಬರ ಐತಿಲ್ಲ ನಿನಗ? ಹೆಣಾ ಎತ್ತೂತನಾ ಈ ಮನ್ಯಾಗ ನೀರ ಮುಟ್ಟಬಾರದು."

"ಎಂಟಾತ್ರಿ, ಅತ್ಯಾರ," ಎಂದೆ. ಸೆರಗಿನ ಗಂಟು ಬಿಚ್ಚಿ ಅಂಗೈ ತೋರಿಸಿದೆ. "ದಿನಾ ಇದನ್ನ ನುಂಗಾಕ ಹೇಳಿದಾಕಿ ಈಕಿನ. ಇವತ್ತ ಬಿಟ್ರ ಈಕಿಗೆ ಮಾರಿ ತೋರಸಾಕ ಬರೂದಿಲ್ಲ." ನುಂಗಿದೆ. ನೀರು ಕುಡಿದೆ.

ಕೆಂಪು ರುಮಾಲಿನವನು ನಳದ ಹತ್ತಿರ ಹೋಗಿ ಬೊಗಸೆ ಒಡ್ಡಿದ. ಅವನ ಹಿಂದೆ ಮುಂಡರಗಿಯ ಹೆಂಗಸು. ಅವಳ ಹಿಂದೆ ಇನ್ನೊಬ್ಬರು. ಅತ್ತೆ ಅವರನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಚಾಪೆಯ ಮೇಲಿನ ಮುಖವನ್ನು ಬಹಳ ಹೊತ್ತು ನೋಡಿದರು.

ಮನೆಗೆ ಬಂದು ಜಳಕ ಮಾಡಿದ ಮೇಲೆ, ಅತ್ತೆ ನನ್ನ ಅರಿವೆಗಳನ್ನು ಹೊರಗೆ ಎಸೆಯುವ ಗಳಿಗೆಗೆ ಕಾಯುತ್ತ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅವರು ಮಗನ ಫೋಟೋದ ಕೆಳಗೆ ಕೂತರು.

"ನನ್ನ ಮಗಗೂ ಇದನ ಇತ್ತೇನು?"

"ಹೂಂನ್ರಿ."

ಅತ್ತೆ ತಲೆ ಎತ್ತಿ ಫೋಟೋ ನೋಡಿದರು. "ಬಜಾರದಾಗ ಅದಕ್ಕ ಮಾತಾಡಸಲಿಲ್ಲೇನು ಆಕಿ?"

"ಹೂಂನ್ರಿ."

"ನೀರ ಕೊಡು," ಎಂದರು.

ತಂಬಿಗೆ ತುಂಬಿ ತಂದೆ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಉಳಿದ ಅರ್ಧವನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಂಡು ಪೂರ್ತಿ ಕುಡಿದರು. ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು: "ನಾಳಿಂದ ಎಂಟೂಕಾಲಕ್ಕ ಮಗ್ಗಕ್ಕ ಇಳಿ. ಮೊದಲ ನಿಂದು ಮುಗಿಸ್ಕೋ."

ಹೆದರಿಕೆ ಹೋಗಿದೆ ಎಂದು ಹೇಳಲಾರೆ. ಪ್ರತಿ ಸಲ ರಕ್ತ ಕೊಟ್ಟು ಬಂದ ಮೇಲೆ ಲಾಳಿಯ ಜೊತೆ ಇಳಿದಿದೆ, ಇಳಿದಿಲ್ಲ ಎಂದು ಎಣಿಸುತ್ತೇನೆ. ಅಕ್ಕನ ಮೇಜಿನಲ್ಲಿ ಈಗ ಬೇರೆ ಹುಡುಗಿ ಕೂತು ಎಣಿಸುತ್ತಾಳೆ. ಅವಳ ಬೆರಳು ನುಣುಪು. ಬೆಳಿಗ್ಗೆ ಗುಬ್ಬಿ ಕೂಗುವ ಮೊದಲೇ ಅತ್ತೆ ಗಡಿಯಾರ ನೋಡಿ, ಗುಡಿಗೆ ಹೋಗುವುದನ್ನು ತಡೆದು, ತಂಬಿಗೆ ಹಿಡಿದು ನಿಂತಿರುತ್ತಾರೆ. ನಾನು ನುಂಗುವವರೆಗೆ ಅವರ ಕಣ್ಣು ನನ್ನ ಗಂಟಲ ಮೇಲೆ. ಒಬ್ಬಾಕಿನ ಅಂಜಬ್ಯಾಡ, ಎಂದಿದ್ದರು ಅಕ್ಕ. ಈಗ ಈ ಮನೆಯಲ್ಲಿ ದಿನಾ ಎಂಟಕ್ಕೆ ನಾವಿಬ್ಬರು ಅಂಜುತ್ತೇವೆ.